ಮಿತವಾದ ಉಳುಮೆಯೂ ಕಾಯಿಪಲ್ಲೆಯ ಕೀಡೆಗಳ ಹತೋಟಿಯೂ

ಹೊಲವನ್ನು ಎಷ್ಟು ಸಲ ಹರಗಿದರೆ ಅಷ್ಟು ಕೀಡೆ ಸಾಯುವುದೆಂಬ ನಂಬಿಕೆಯು ಅರ್ಧ ಮಾತ್ರ ನಿಜವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಒಕ್ಕಲಿಗರು ಇದನ್ನು ವಿಚಾರಿಸತಕ್ಕದ್ದು.

ಟೊಮ್ಯಾಟೊ ಕಾಯಿ ಕೊರೆಯುವ ಹುಳವು ಬಲಿತ ಮೇಲೆ ಗಿಡದಿಂದಿಳಿದು ಮಣ್ಣಿನೊಳಗೆ ಕೋಶವಾಗುವುದು. ಆದುದರಿಂದ ಅಂಥ ಹೊಲವನ್ನು ಬೇಸಿಗೆಯಲ್ಲಿ ಒಮ್ಮೆ ಆಳವಾಗಿ ಉಳಬೇಕು. ಮೇಲೆ ಬಂದ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ತುತ್ತಾಗುವವು.

ಸಸಿ ನೆಟ್ಟ ಬಳಿಕ ಪದೇ ಪದೇ ಎಡೆಕುಂಟೆ ಹೊಡೆದರೆ, ಹುಳಗಳನ್ನು ತಿಂದು ಬದುಕುವ ಜೇಡ, ನೆಲದ ಜೀರುಂಡೆಗಳ ನೆಲೆಯೇ ಕೆಡುವುದು. ಆಗ ಕಳೆಯನ್ನು ಕುರ್ಪಿಯಿಂದ ತೆಗೆದು, ಸಾಲುಗಳ ನಡುವೆ ಒಣಹುಲ್ಲು ಹೊದಿಸುವುದು ಲೇಸು. ಉಳ್ಳಾಗಡ್ಡಿಯಲ್ಲಿ ಈ ಹೊದಿಕೆಯಿಂದ ಥ್ರಿಪ್ಸ್ ನುಸಿಯು ತಗ್ಗುವುದು. ಮಳೆ ಕಡಿಮೆಯಾದ ಸವದತ್ತಿ, ರಾಮದುರ್ಗಗಳಲ್ಲಿ ನೆಲದ ಹಸಿಯೂ ಉಳಿಯುವುದು.

ಆದರೆ ಗೆದ್ದಲು ಅಥವಾ ಸಸಿಯ ಬುಡ ಕತ್ತರಿಸುವ ಹುಳವಿದ್ದಲ್ಲಿ ಹುಲ್ಲು ಹೊದಿಸಬಾರದು. ಅದು ಅವಕ್ಕೇ ಆಶ್ರಯವಾಗುವುದು. ಬದನೆಯ ಕುಡಿ ಹಾಗೂ ಕಾಯಿ ಕೊರೆಯುವ ಹುಳಕ್ಕೆ ಈ ಉಪಾಯವೊಂದೇ ಸಾಲದು. ಬಾಡಿದ ಕುಡಿ, ತೂತುಬಿದ್ದ ಕಾಯಿಗಳನ್ನು ವಾರವಾರವೂ ಕಿತ್ತು ನಾಶಪಡಿಸಬೇಕು.

ಮೊದಲು ನಾಲ್ಕು ಗುಂಟೆಯಲ್ಲಿ ಮಾಡಿ, ಪಕ್ಕದ ಹರಗಿದ ಸಾಲುಗಳೊಡನೆ ಹೋಲಿಸಿ ನೋಡಿರಿ. ಫಲ ಕಂಡರೆ ಎತ್ತಿನ ಬಾಡಿಗೆಯೂ ಔಷಧದ ವೆಚ್ಚವೂ ಉಳಿದಾವು.