ರಿಬ್ಬಿಗೂ ತೊಲೆಗೂ ಗೆರೆ ಎಲ್ಲಿ?



ನಿಮ್ಮ ಹಾಲ್‌ಗೆ ಮೇಸ್ತ್ರಿ ಹೇಳಿದ ಅಳತೆ ಓದಿ ಆತಂಕವಾಯಿತು: ರಿಬ್ 100 ಮಿ.ಮೀ. ಅಗಲ, ಸ್ಲ್ಯಾಬಿನ ಕೆಳಗೆ 450 ಆಳ, ನಡುವೆ 2 ಮೀಟರ್ ಅಂತರ. ಕೆಳಗಿನಿಂದ ನೋಡಿದರೆ ಹಳೆಯ ಮನೆಯ ಜಂತೆಗಳಂತೆ ಚೆಂದ ಕಂಡೀತು. ಆದರೆ ಸಂಹಿತೆಯ ಲೆಕ್ಕದಲ್ಲಿ ಅದು ರಿಬ್ ಸ್ಲ್ಯಾಬ್ ಅಲ್ಲ.

ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456:2000 ಸ್ಪಷ್ಟವಾಗಿ ಗೆರೆ ಎಳೆದಿದೆ. ಸ್ಥಳದಲ್ಲೇ ಎರಕ ಹೊಯ್ದ ರಿಬ್ 65 ಮಿ.ಮೀ.ಗಿಂತ ಕಿರಿದಾಗಬಾರದು, ಮಧ್ಯದಿಂದ ಮಧ್ಯಕ್ಕೆ ಅಂತರ 1.5 ಮೀಟರ್ ದಾಟಬಾರದು. ಮೇಲಿನ ಪದರ ಬಿಟ್ಟು ಆಳವು ಅಗಲದ ನಾಲ್ಕು ಪಟ್ಟು ಮೀರಬಾರದು. 100ರ ರಿಬ್ಬಿಗೆ 400 ಕೊನೆ. ಹತ್ತಿರ ಹತ್ತಿರ ಇದ್ದಾಗಲೇ ರಿಬ್ಬುಗಳು ಭಾರ ಹಂಚಿಕೊಂಡು ಒಂದೇ ಹಲಗೆಯಂತೆ ದುಡಿಯುತ್ತವೆ. ದೂರವಾದರೆ ಪ್ರತಿಯೊಂದೂ ಒಂಟಿ ತೊಲೆ. ಅದಕ್ಕೆ ತೊಲೆಯ ವಿನ್ಯಾಸವೇ ಬೇಕು, ರಿಂಗುಗಳೂ ಬೇಕು. ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318 ಇನ್ನೂ ಬಿಗಿ: ಆಳ ಅಗಲದ ಮೂರೂವರೆ ಪಟ್ಟು ಮಾತ್ರ.

ಸೆಂಟ್ರಿಂಗ್ ಹೊಡೆಯುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರುವ ನಕ್ಷೆ ನಿಮ್ಮ ಕೈಗೆ ಬರಲಿ. ಅಲ್ಲಿಯವರೆಗೆ ದಯವಿಟ್ಟು ಕೆಲಸ ನಿಲ್ಲಿಸಿ.