ಹೆಜ್ಜೆ ಸದ್ದು ಯಾವ ಕಡೆಯಿಂದ?

ಬೀದರ್ ವಾಯುಪಡೆ ನೆಲೆಯಿಂದ ಹಾಕ್ ತರಬೇತಿ ವಿಮಾನ ಮೇಲೆದ್ದರೆ, ಅದು ಎತ್ತ ಹೊರಟಿತೆಂದು ತಿಳಿಯಲು ಊರಿನವರು ತಲೆ ಎತ್ತಬೇಕಿಲ್ಲ. ಸದ್ದು ಒಂದು ಕಿವಿಗೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ತಲುಪುತ್ತದೆ. ಆ ಅಂತರ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಹಿಂದೆಯೋ ಮುಂದೆಯೋ, ಮೇಲೋ ಕೆಳಗೋ ಎಂಬ ಸುಳಿವು ಸಿಗುವುದು ಹೊರಗಿವಿಯ ಮಡಿಕೆಗಳಿಂದ. ಗೇಮಿಂಗ್ ಹೆಡ್‌ಫೋನ್‌ಗಳ ವರ್ಚುವಲ್ ಸರೌಂಡ್ ಇದನ್ನೇ ಲೆಕ್ಕ ಹಾಕಿ ಅನುಕರಿಸುತ್ತದೆ.

ಹಾಗಾಗಿ ಭಾಲ್ಕಿ, ಔರಾದ್ ಕಡೆಯ ಹುಡುಗರು ಹೆಡ್‌ಫೋನ್ ಡಬ್ಬಿಯ ಮೇಲಿನ ‘7.1’ ಸರೌಂಡ್ ಗುರುತು ನೋಡಿ ದುಡ್ಡು ಸುರಿಯಬೇಕಿಲ್ಲ. ಅಂಥ ಬಹುತೇಕ ಹೆಡ್‌ಫೋನ್‌ಗಳಲ್ಲೂ ಸ್ಪೀಕರ್ ಇರುವುದು ಕಿವಿಗೊಂದೇ. ಉಳಿದದ್ದು ಸಾಫ್ಟ್‌ವೇರಿನ ಕೈಚಳಕ. ಅದು ವಿಂಡೋಸ್ 10 ಮತ್ತು 11ರಲ್ಲಿ ಪುಕ್ಕಟೆಯಾಗಿಯೇ ಇದೆ: ಸೌಂಡ್ ಸೆಟ್ಟಿಂಗ್ಸ್‌ನ ಸ್ಪೇಷಿಯಲ್ ಸೌಂಡ್‌ನಲ್ಲಿ ‘ವಿಂಡೋಸ್ ಸೋನಿಕ್’ ಆಯ್ದುಕೊಂಡರಾಯಿತು. ಡಾಲ್ಬಿ ಅಟ್ಮಾಸ್‌ಗೆ ಹಣ ತೆರಬೇಕು. ಮೊದಲು ಪುಕ್ಕಟೆಯ ಸೋನಿಕ್ ಕೇಳಿ ನೋಡಲಿ.

ಒಂದು ಎಚ್ಚರ.

ವ್ಯಾಲರಂಟ್‌, ಕೌಂಟರ್-ಸ್ಟ್ರೈಕ್‌ನಂಥ ಆಟಗಳಿಗೆ ದಿಕ್ಕು ತೋರಿಸುವ ತಮ್ಮದೇ ವ್ಯವಸ್ಥೆಯುಂಟು, ಹೆಸರು ಎಚ್‌ಆರ್‌ಟಿಎಫ್. ಅದು ಆನ್ ಇದ್ದಾಗ ವಿಂಡೋಸಿನದು, ಹೆಡ್‌ಸೆಟ್ಟಿನದು ಎರಡನ್ನೂ ಬಂದ್ ಮಾಡಬೇಕು. ಇಲ್ಲವಾದರೆ ಎದುರಾಳಿಯ ಹೆಜ್ಜೆ ಬಾವಿಯೊಳಗಿನ ಸದ್ದಿನಂತೆ ಕಲಸಿಹೋಗಿ ದಿಕ್ಕೇ ತಪ್ಪುತ್ತದೆ. ಬ್ಲೂಟೂತ್‌ಗಿಂತ ತಂತಿಯ ಹೆಡ್‌ಸೆಟ್ಟೇ ವಾಸಿ: ಬ್ಲೂಟೂತ್‌ನಲ್ಲಿ ಸದ್ದು ತಡವಾಗುತ್ತದೆ, ಮೈಕ್ ಹಾಕಿದರೆ ಸಾಮಾನ್ಯವಾಗಿ ಗುಣಮಟ್ಟವೂ ಇಳಿಯುತ್ತದೆ.