ಅಂಬುತೀರ್ಥದ ಕವರು

ಮಾಣಿ, ನಿನ್ನ ಹುರುಪು ಕಂಡರೆ ನನಗೆ ಖುಷಿಯೇ. ಊರಿಗೆ ಬಂದ ಮಾರನೇ ದಿನವೇ ಕಸಕ್ಕೆ ಹಸಿರು, ನೀಲಿ, ಕೆಂಪು ಅಂತ ಮೂರು ಬಕೆಟ್ ತಂದಿಟ್ಟೆ. ನಾಲ್ಕನೇ ದಿನ ಹಸಿರು ಬಕೆಟ್ಟಿನಲ್ಲಿ ಬಾಳೆಹಣ್ಣಿನ ಸಿಪ್ಪೆಯ ಜೊತೆ ಶಾಂಪೂ ಪೊಟ್ಟಣ ಸಿಕ್ಕಿತು. ಯಾರದು ಅಂತ ಕೇಳಲಿಲ್ಲ. ನಿನ್ನಜ್ಜನ ತಲೆಯಲ್ಲಿ ಕೂದಲಿಲ್ಲ, ನನಗೆ ಮತ್ತಿ ಸೊಪ್ಪು ಸಾಕು.

ನಮ್ಮ ಕಾಲದವರು ಭಾರಿ ಶಿಸ್ತಿನವರು ಅಂತ ತಿಳಿಯಬೇಡ. ಎಸೆಯಲು ಏನೂ ಇರಲಿಲ್ಲ, ಅಷ್ಟೇ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಉಂಡ ಬಾಳೆಲೆ ದನಕ್ಕೆ, ಬೂದಿ ಪಾತ್ರೆ ತಿಕ್ಕಲು, ದರಗು ಗೊಬ್ಬರ ಗುಂಡಿಗೆ. ಹೀರೆಕಾಯಿ ಸಿಪ್ಪೆ ಚಟ್ನಿ ಆಗುತ್ತಿತ್ತು, ದಾಳಿಂಬೆ ಸಿಪ್ಪೆ ತಂಬುಳಿ. ಅಡಕೆ ಗೊನೆಗೆ ಕೊಳೆ ಬರದಂತೆ ಕಟ್ಟುವ ಕೊಟ್ಟೆಯೂ ಹಾಳೆಯದ್ದೋ ಹುಲ್ಲಿನದ್ದೋ. ಉದುರಿದರೆ ಮರದ ಬುಡದಲ್ಲೇ ಗೊಬ್ಬರ. ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಅದರ ಚೂರು ಇವತ್ತಿಗೂ ತೋಟ ಅಗೆದರೆ ಗುದ್ದಲಿಗೆ ಸಿಕ್ಕುತ್ತದೆ.

ಅಂಗಡಿ ಕವರು ಮೊದಲು ಮನೆಗೆ ಬಂದಾಗ ತೊಳೆದು, ಮಡಚಿ, ಹಾಸಿಗೆಯಡಿ ಇಟ್ಟಿದ್ದೆ, ರೇಷ್ಮೆ ಸೀರೆ ಇಟ್ಟ ಹಾಗೆ. ಕವರು ಹೆಚ್ಚಿದ ಹಾಗೆ ಬಚ್ಚಲ ಒಲೆಗೆ ತುರುಕಲು ಕಲಿತೆ. ಆಟಿ ಮಳೆಯಲ್ಲಿ ಸೌದೆ ಹಸಿ; ಕವರಿಟ್ಟರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಂಡೆ ನೀರೂ ಕಾಯಿತು, ಕಸವೂ ಹೋಯಿತು ಅಂತ ಬೀಗಿದೆ. ಹೊಗೆ ಕುಡಿದವಳೂ ನಾನೇ, ಬೂದಿ ಒಯ್ದು ತೊಂಡೆ ಬುಡಕ್ಕೆ ಸುರಿದವಳೂ ನಾನೇ. ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ ಅಂತ ತಿಳಿಯುವ ಹೊತ್ತಿಗೆ ಎಷ್ಟು ತೊಂಡೆಕಾಯಿ ಪಲ್ಯ ತಿಂದಿದ್ದೆವೋ! ಹಾಗಾಗಿ ನೀನು ಮೊನ್ನೆ "ಸುಟ್ಟುಬಿಡೋಣ ಅಜ್ಜಿ" ಅಂದಾಗ ಗದರಿದೆ. ಸಿಟ್ಟು ನಿನ್ನ ಮೇಲಲ್ಲ.

ಇನ್ನು ಎಸೆಯುವ ಮಾತು. ನನ್ನ ತವರು ತೀರ್ಥಹಳ್ಳಿ ತಾಲೂಕು, ಅಂಬುತೀರ್ಥದ ಹತ್ತಿರ. ಕೊಟ್ಟಿದ್ದು ಹೊಸನಗರಕ್ಕೆ. ನಿನ್ನತ್ತೆಯನ್ನು ಕೊಟ್ಟಿದ್ದು ಸಾಗರಕ್ಕೆ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಳೆಯೂ ಇದೇ ದಾರಿ ಹಿಡಿದವಳು. ತವರಿನಲ್ಲಿ ಚರಂಡಿಗೆ ಎಸೆದ ಚಿಪ್ಸ್ ಕವರು ಮಳೆ ಹಿಡಿದರೆ ಹಳ್ಳಕ್ಕಿಳಿದು, ಹೊಳೆ ಸೇರಿ, ನಮ್ಮೂರು ದಾಟಿ, 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಆಣೆಕಟ್ಟೆಯ ಹಿನ್ನೀರಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಿನ್ನತ್ತೆ ದಂಡೆಯಲ್ಲಿ ಬಾಟಲಿ ಕಂಡು "ತವರಿನ ಉಡುಗೊರೆ ಬಂತು" ಅಂತ ಫೋನಿನಲ್ಲಿ ಅಣಕಿಸುತ್ತಾಳೆ. 2025ರ ಜುಲೈನಲ್ಲಿ ಆ ಹಿನ್ನೀರಿಗೆ ಸಿಗಂದೂರು ಸೇತುವೆ ಆಯಿತು. ಲಾಂಚಿಗೆ ಕಾಯುವ ಕಷ್ಟ ತಪ್ಪಿತು, ಒಳ್ಳೆಯದೇ. ಕಾರಿನ ಕಿಟಕಿಯಿಂದ ಕೈ ಹೊರಗೆ ಬರದಿದ್ದರೆ ಇನ್ನೂ ಒಳ್ಳೆಯದು.

ಹಸಿ ಬೇರೆ, ಒಣ ಬೇರೆ, ಅಪಾಯದ್ದು ಬೇರೆ ಇಡಿ ಅಂತ 2016ರಲ್ಲೇ ಕೇಂದ್ರದ ನಿಯಮ ಬಂತು. ಕರ್ನಾಟಕ ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದೂ ಅದೇ ವರ್ಷ. ನಿಯಮ ನಿನಗೆ ಬಾಯಿಪಾಠ, ಕೈಗೆ ಬಂದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಚೂರನ್ನು ಹಾರಿಸಿಬಿಡುತ್ತೀಯಲ್ಲ, ಆ ಚೂರು ಯಾರ ಕೈಗೂ ಸಿಗುವುದಿಲ್ಲ, ಕರುವಿನ ಹೊಟ್ಟೆಗೆ ಸಿಗುತ್ತದೆ. ಅರ್ಧ ಕತ್ತರಿಸು, ಚೂರು ಪ್ಯಾಕೆಟ್ಟಿಗೇ ಅಂಟಿರಲಿ. ತೊಳೆದು ಹಗ್ಗಕ್ಕೆ ಸಿಕ್ಕಿಸು. ಒಣಗಿದ ಮೇಲೆ ನೀಲಿಗೆ ಹಾಕು. ಬ್ಲೇಡು, ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಗುರುತು ಮಾಡು. ಪಂಚಾಯ್ತಿ ಗಾಡಿಯ ಹೆಂಗಸರು ಬರಿಗೈಯಲ್ಲಿ ತಡಕುವುದನ್ನು ನಾನು ಕಂಡಿದ್ದೇನೆ.

ಬಕೆಟ್ ಮೂರಲ್ಲ, ಮೂವತ್ತಿಟ್ಟರೂ ತುಂಬಿಸುವವನು ನೀನೇ ಮಾರಾಯ. ಮುಂದಿನ ತಿಂಗಳ ಸತ್ಯನಾರಾಯಣ ಪೂಜೆಗೆ ಹೊಳೆಯುವ ಪೇಪರ್ ತಟ್ಟೆ ತರುತ್ತೇನೆ ಅಂದೆಯಂತೆ. ಆ ಹೊಳಪು ಪ್ಲಾಸ್ಟಿಕ್ಕಿನದು. ತೋಟದ ತುಂಬ ಹಾಳೆ ಬಿದ್ದಿದೆ, ಬಾಳೆ ಎಲೆ ಬಿಟ್ಟಿದೆ. ಕುಯ್ಯಲು ಸೋಮಾರಿತನ ಅಂತ ನೇರ ಹೇಳು.

ನಾಳೆ ಪೇಟೆಗೆ ಹೋಗುವವನಿದ್ದೀಯಲ್ಲ, ನನ್ನ ಹಳೇ ಸೀರೆಯಲ್ಲಿ ಹೊಲಿದ ಚೀಲ ಬಾಗಿಲ ಹಿಂದೆ ನೇತುಹಾಕಿದ್ದೇನೆ. ಹೂವಿನ ಚೀಲ ಹಿಡಿಯಲು ನಾಚಿಕೆಯಾದರೆ ಒಳಮಗ್ಗುಲು ಹೊರಗೆ ಮಾಡಿಕೋ. ಬೈಕಿನ ಕೀಲಿ ಹುಡುಕಿ ಮನೆಯೆಲ್ಲ ತಿರುಗಬೇಡ. ಅದು ಆ ಚೀಲದೊಳಗಿದೆ.